ಮಂಗಳವಾರದ ಬೆಲೆ

"ನಿಮ್ಮ ಪ್ರವೇಶವನ್ನು ತಡೆಹಿಡಿಯಲಾಗಿದೆ."

ಬೆಲೆಯಮ್ಮ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಎಷ್ಟು ಸಲ ಓದಿದರೂ ಅದರ ಅರ್ಥ ಬದಲಾಗಲಿಲ್ಲ. ಆರ್ಥಿಕ ನೀತಿಯ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿ, ಪ್ರಬಂಧ ಬರೆದು, ಸಂದರ್ಶನ ಮುಗಿಸಿ, ಸೀಟು ಸಿಕ್ಕಿತೆಂದು ಕಚೇರಿಯಲ್ಲಿ ಸಿಹಿ ಹಂಚಿಯೂ ಆಗಿತ್ತು. ಈಗ ನೋಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವ ಹಾಗಿಲ್ಲ.

ಬೆಲೆಯಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಬೆಲೆ ಸಮೀಕ್ಷೆ ಕಚೇರಿಯಲ್ಲಿ ಅವಳಿಗೆ ಕೆಲಸ. ಅಂಗಡಿ ಅಂಗಡಿ ಅಲೆದು ಸೋಪು, ಸಕ್ಕರೆ, ಚಪ್ಪಲಿ ರಿಪೇರಿ, ತಲೆ ಕಟಿಂಗು ಎಲ್ಲದರ ದರ ಕೇಳಿ ಬರೆದುಕೊಳ್ಳಬೇಕು. ಎಲ್ಲದರ ಬೆಲೆ ಕೇಳಿ ಏನನ್ನೂ ಕೊಳ್ಳದ ಗಿರಾಕಿಗೆ ಅಂಗಡಿಯವರು ಪ್ರೀತಿಯಿಂದಲೋ ಸಿಟ್ಟಿನಿಂದಲೋ ಇಟ್ಟ ಹೆಸರು ಅದು. ಕೊನೆಗೆ ಮನೆಯಲ್ಲಿ ಅಣ್ಣನೂ ಹಾಗೇ ಕರೆಯತೊಡಗಿದ್ದ.

ಆ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಣ್ಣ ಹೋಗಿ ತೆರೆದ. ಹೊರಗೆ ನಿಂತಿದ್ದ ಹೆಂಗಸು ದಪ್ಪ ಕನ್ನಡಕ ಹಾಕಿಕೊಂಡಿದ್ದರು, ಕೈಯಲ್ಲಿ ಕೊಡೆ. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಈಗ ಆ ಕೋರ್ಸು ನಡೆಸುವ ಸಂಸ್ಥೆಗೆ ಬರುವ ದೂರುಗಳ ವಿಚಾರಣೆ ನಡೆಸುವವರು. ಎಲ್ಲರ ಬಾಯಲ್ಲೂ ಇನ್‌ಸ್ಪೆಕ್ಟರಮ್ಮ.

"ಕೂತ್ಕೋಳಮ್ಮಾ, ಗಾಬರಿ ಬೇಡ. ಶುಕ್ರವಾರ ನಮ್ಮ ಆಫೀಸಿಗೆ ಒಂದು ಫೋನ್ ಬಂತು. ಯಾವುದೋ ಅಂಗಡಿ ಫೋನು. ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ಮಾತಾಡಿದಾರೆ. ಗಂಡಸೋ ಹೆಂಗಸೋ ತಿಳೀಲಿಲ್ಲ."

"ಏನಂದ್ರು?"

"ನೀನು ಮನೇಲಿ ಕೂತು ಬೆಲೆ ಹುಟ್ಟಿಸ್ತೀಯ ಅಂತ. ನಿನ್ನ ಪ್ರಬಂಧಾನೂ ಅದೇ ಬೆಲೆಗಳ ಮೇಲೇ ನಿಂತಿದೆ ಅಲ್ವಾ? ಉದಾಹರಣೆ ಬೇರೆ ಕೊಟ್ಟರು. ಹೋದ ಮಂಗಳವಾರ ನೀನು ಮಾರುಕಟ್ಟೆ ಬೀದಿ ಸಲೂನಿನ ದರ ಬರೆದಿದ್ದೀಯಂತೆ. ಆವತ್ತು ಸಲೂನ್ ಮುಚ್ಚಿತ್ತಂತೆ. ನಿಜವಾ?"

"ಷಟರ್ ಹಾಕಿದ್ದು ನಿಜ. ಆದ್ರೆ ನಾನು—"

"ಅದನ್ನ ಸಲೂನಿನವನ ಬಾಯಲ್ಲೇ ಕೇಳೋಣ. ನನ್ನ ತಲೆನೋವು ಬೇರೆ. ಫೋನ್ ಮಾಡಿದವರು 'ನಾನೂ ಅವಳ ಕಚೇರೀಲೇ ಕೆಲಸ ಮಾಡೋದು, ಇಂಥವು ಇನ್ನೂ ಬೇಕಾದಷ್ಟಿವೆ' ಅಂದಿದಾರೆ. ಒಳಗಿನವರೇ ಹೇಳಿದ್ದಾದ್ರೆ ನಿನ್ನ ಎರಡು ವರ್ಷದ ಕೆಲಸಾನೂ ಜಾಲಾಡಬೇಕು. ಅಷ್ಟು ಹೊತ್ತಿಗೆ ಸೀಟು ಇನ್ನೊಬ್ಬರ ಪಾಲಾಗಿರುತ್ತೆ. ನಿರ್ದೇಶಕರು ನನಗೆ ಇವತ್ತು ಸಂಜೆವರೆಗೆ ಟೈಮ್ ಕೊಟ್ಟಿದಾರೆ."

ಅಣ್ಣ ಕಾಲೇಜಿಗೆ ರಜೆ ಹಾಕಿ ಜೊತೆಗೆ ಹೊರಟ. ಅವನು ಅರ್ಥಶಾಸ್ತ್ರದ ಅರೆಕಾಲಿಕ ಉಪನ್ಯಾಸಕ. ಇದೇ ಕೋರ್ಸಿಗೆ ಹಿಂದೆ ಎರಡು ಸಲ ಪ್ರಯತ್ನಿಸಿ ಎರಡು ಸಲವೂ ಸಂದರ್ಶನದಲ್ಲಿ ಬಿದ್ದವನು. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ತಂಗಿಯ ಪ್ರಬಂಧವನ್ನು ರಾತ್ರಿ ನಿದ್ದೆಗೆಟ್ಟು ತಿದ್ದಿಕೊಟ್ಟವನೂ ಅವನೇ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾಲರಿನ ಮೇಲೆ ಬೀಳುತ್ತಿದ್ದ ಕೂದಲನ್ನು ಹಿಂದಕ್ಕೆ ಬಾಚಿಕೊಂಡು, "ಬಾ ಬೆಲೆಯಮ್ಮ, ಸತ್ಯಕ್ಕೆ ಸಾವಿಲ್ಲ" ಎಂದ. ಅವಳಿಗೆ ಧೈರ್ಯ ಬಂತು.

ಕಚೇರಿಯಲ್ಲಿ ಮೊದಲು ಸಿಕ್ಕವರು ಶಾಖಾಧಿಕಾರಿ. ಫ್ಯಾನಿನ ಕೆಳಗೆ ಅವರ ಬೋಳು ತಲೆ ಮಿರಮಿರ ಮಿಂಚುತ್ತಿತ್ತು.

"ಇವಳು ಹೋದ್ರೆ ನಿಮಗೆ ನಷ್ಟ, ಅಲ್ವಾ?" ಇನ್‌ಸ್ಪೆಕ್ಟರಮ್ಮ ನೇರವಾಗಿ ಕೇಳಿದರು.

"ನಷ್ಟಾನಾ? ಬಲಗೈ ಹೋದ ಹಾಗೆ ಮೇಡಂ! ಹಾಗಂತ ಕೈ ಹೋಗುತ್ತೆ ಅಂತ ಕತ್ತು ಕುಯ್ಯೋಕಾಗುತ್ತಾ?"

"ಹೋದ ಮಂಗಳವಾರ ಎಲ್ಲಿದ್ರಿ?"

"ಇಲ್ಲೇ. ಬೆಳಗ್ಗೆಯಿಂದ ಸಂಜೆವರೆಗೂ ತಪಾಸಣೆಯವರು ನನ್ನ ಜೀವ ತಿಂದ್ರು."

"ಇವಳು ಬರೆದ ಬೆಲೆ ನಿಮ್ಮ ಕೈಗೆ ಯಾವಾಗ ಬರುತ್ತೆ?"

"ತಿಂಗಳ ಕೊನೆಗೆ. ಎಲ್ಲರದೂ ಒಟ್ಟಿಗೇ ತಗೋತೀವಿ. ಯಾಕೆ?"

"ಸುಮ್ನೆ ಕೇಳಿದೆ."

ಪಕ್ಕದ ಮೇಜಿನ ಸಹೋದ್ಯೋಗಿ ತಾನೇ ಎದ್ದು ಬಂದಳು. ಅವಳೂ ಇದೇ ಕೋರ್ಸಿಗೆ ಅರ್ಜಿ ಹಾಕಿದ್ದಳು. ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ.

"ನೀವು ನನ್ನನ್ನೇ ಕೇಳೋಕೆ ಬಂದಿದೀರ ಅಂತ ಗೊತ್ತು. ಇವಳ ಸೀಟು ಹೋದ್ರೆ ನನಗೇ ಸಿಗೋದು. ಮುಚ್ಚುಮರೆ ಯಾಕೆ? ನನಗೂ ಆಸೆ ಇದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಎಂದು ಬೆಲೆಯಮ್ಮನಿಗೆ ಅನ್ನಿಸಿತು. ಅಣ್ಣನೂ ಅವಳ ಕಿವಿಯಲ್ಲಿ, "ಇವಳೇ ಕಣೇ" ಎಂದ.

"ಆ ಸಲೂನಿನ ಮುಂದೆ ಯಾವತ್ತಾದ್ರೂ ನಿಂತಿದ್ದೀಯೇನಮ್ಮ?"

ಸಹೋದ್ಯೋಗಿ ಸೊಂಟದವರೆಗಿದ್ದ ಜಡೆಯನ್ನು ಮುಂದಕ್ಕೆಳೆದು ತೋರಿಸಿದಳು. "ಇದನ್ನ ಇಟ್ಕೊಂಡು ಗಂಡಸರ ಕಟಿಂಗ್ ಶಾಪಿಗೆ ಯಾಕೆ ಹೋಗ್ಲಿ? ನನ್ನ ಅಂಗಡಿಗಳೆಲ್ಲ ಊರಿನ ಆ ತುದೀಲಿವೆ. ಇವಳು ಮಂಗಳವಾರ ಎಲ್ಲಿಗೆ ಹೋಗ್ತಾಳೋ ನನಗೇನು ಗೊತ್ತು?"

ಇನ್‌ಸ್ಪೆಕ್ಟರಮ್ಮ ನಕ್ಕುಬಿಟ್ಟರು. ಹೊರಗೆ ಬಂದ ಮೇಲೆ ಬೆಲೆಯಮ್ಮನನ್ನು ಕೇಳಿದರು, "ಆವತ್ತಿನ ಹಾಳೆ ಎಲ್ಲಿದೆ?"

"ನನ್ನ ಚೀಲದಲ್ಲೇ ಇದೆ. ತಿಂಗಳು ಇನ್ನೂ ಮುಗಿದಿಲ್ವಲ್ಲ."

"ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ. ರಾತ್ರಿ ಮನೇಲಿ ಊಟಕ್ಕೆ ಕೂತಾಗ ಓದಿ ಹೇಳ್ತೀನಿ ಅಷ್ಟೇ. ಅಮ್ಮನಿಗೆ ಊರಿನ ರೇಟೆಲ್ಲ ಕೇಳೋದು ಇಷ್ಟ. ಮಂಡಿನೋವು, ಅವರು ಹೊಸಿಲು ದಾಟೋದೇ ಕಮ್ಮಿ."

ಸಲೂನು ಹತ್ತಿರವಾಗುತ್ತಿದ್ದಂತೆ ಅಣ್ಣನ ನಡಿಗೆ ನಿಧಾನವಾಯಿತು. "ಒಂದು ಫೋನ್ ಮಾಡ್ಬೇಕು. ನೀವು ಒಳಗೆ ಹೋಗಿರಿ" ಎಂದು ರಸ್ತೆಯ ಆಚೆ ಬದಿಗೆ ಹೋಗಿ ನಿಂತ.

ಸಲೂನಿನ ಯಜಮಾನ ಬಾಯಿ ತೆರೆದನೆಂದರೆ ಮುಚ್ಚುವುದು ಕಷ್ಟ.

"ಮಂಗಳವಾರಾನಾ? ಬೇರೆಯವರ ಹಾಗೆ ನಂದು ಮಂಗಳವಾರ ರಜೆ ಇಲ್ಲ. ಆದ್ರೆ ಆವತ್ತು, ಅಯ್ಯೋ ಮೇಡಂ, ಪೈಪ್ ಒಡೆದು ಒಳಗೆಲ್ಲ ಮೊಣಕಾಲುದ್ದ ನೀರು! ಷಟರ್ ಎಳೆದು ಮೇಲೆ ಮನೇಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆಗ ಪಕ್ಕದ ಮೆಟ್ಲು ಹತ್ತಿ ಬಂದ್ಲು ನೋಡಿ ಈ ಬೆಲೆಯಮ್ಮ! 'ಕಟಿಂಗ್ ಎಷ್ಟು?' ಅಂತಾಳೆ. ಮನೆ ಮುಳುಗ್ತಿದ್ರೂ ಇವಳಿಗೆ ರೇಟು ಬೇಕು! ಪೈಪಿನ ಖರ್ಚಿಗೆ ಇವತ್ತಿಂದಾನೇ ಹತ್ತು ಜಾಸ್ತಿ ಬರ್ಕೋ ಅಂದೆ."

"ಹೊಸ ದರಾನ ಬೋರ್ಡಿನ ಮೇಲೆ ಬರೆಸಿದ್ದು ಯಾವಾಗ?"

"ಹೊಸ ಪೈಪ್ ಹಾಕಿಸಿದ ಮೇಲೆ, ಶನಿವಾರ."

ಇನ್‌ಸ್ಪೆಕ್ಟರಮ್ಮ ಚೀಲದಿಂದ ಹಾಳೆ ತೆಗೆಸಿ ನೋಡಿದರು. ಅದರಲ್ಲಿದ್ದುದು ಹೊಸ ದರ. ಮನೆಯಲ್ಲಿ ಕೂತು ಬರೆದವಳಾದರೆ ಹಳೆಯದನ್ನೇ ಬರೆಯುತ್ತಿದ್ದಳು.

"ಇವರಣ್ಣನ ಕಟಿಂಗೂ ನಿನ್ನ ಹತ್ರಾನೇ ಏನಪ್ಪ?"

"ತಿಂಗಳು ತಪ್ಪದೆ ಬರೋರು. ಈ ಸಲ ಯಾಕೋ ಇತ್ತ ತಲೆ ಹಾಕಿಲ್ಲ."

"ಅವರನ್ನ ಒಳಗೆ ಕರಿ" ಎಂದರು ಇನ್‌ಸ್ಪೆಕ್ಟರಮ್ಮ. ಯಾಕೆಂದು ಬೆಲೆಯಮ್ಮನಿಗಿನ್ನೂ ತಿಳಿದಿರಲಿಲ್ಲ. ತಿಳಿಯುವುದು ಬೇಡವೆನ್ನಿಸಿತು.

ಅಣ್ಣ ಒಳಗೆ ಬಂದು ಬಾಗಿಲ ಬಳಿಯೇ ನಿಂತ. ಯಜಮಾನ ಏನೋ ಅರ್ಥವಾದವನ ಹಾಗೆ ನೀರು ತರುವ ನೆಪ ಮಾಡಿ ಮೇಲೆ ಹೋದ.

"ಫೋನ್ ಮಾಡಿದವರಿಗೆ ಎರಡು ಸಂಗತಿ ಗೊತ್ತಿತ್ತು" ಇನ್‌ಸ್ಪೆಕ್ಟರಮ್ಮ ಶುರುಮಾಡಿದರು. "ಸಲೂನ್ ಮುಚ್ಚಿತ್ತು ಅನ್ನೋದು ಒಂದು. ಅದೇ ದಿನ ಇವಳು ಸಲೂನಿನ ದರ ಬರೆದಳು ಅನ್ನೋದು ಇನ್ನೊಂದು. ನಾವೆಲ್ಲ ಮೊದಲನೇದನ್ನೇ ಹಿಡ್ಕೊಂಡು ಓಡಾಡಿದ್ವಿ. ಮುಖ್ಯವಾದದ್ದು ಎರಡನೇದು. ಕಚೇರಿಯವರಿಗೆ ಅದು ಹೇಗೆ ಗೊತ್ತಾಗಬೇಕು? ಹಾಳೆ ಇನ್ನೂ ಚೀಲದಲ್ಲೇ ಇದೆ! ಅಂದಮೇಲೆ ಫೋನ್ ಮಾಡಿದವರು ಕಚೇರಿಯವರಲ್ಲ. ಊಟದ ಹೊತ್ತಲ್ಲಿ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಹೊಸಿಲು ದಾಟಲ್ಲ. ಇನ್ನೊಬ್ಬರು—"

"ಮೇಡಂ, ಏನ್ ಹೇಳ್ತಿದ್ದೀರಿ?" ಬೆಲೆಯಮ್ಮ ಚೀರಿದಳು. "ಅವನು ನಮ್ಮಣ್ಣ!"

"ಇನ್ನೊಬ್ಬರು ಮಂಗಳವಾರ ಕಟಿಂಗಿಗೆ ಅಂತ ಬಂದು, ಮುಚ್ಚಿದ ಷಟರ್ ನೋಡಿ ವಾಪಸ್ ಹೋದರು. ಬಟ್ಟೆಯಲ್ಲಿ ಇಷ್ಟು ಅಚ್ಚುಕಟ್ಟಾದ ಮನುಷ್ಯ ಆಮೇಲೆ ಒಂದು ದಿನವಾದ್ರೂ ಬರಬೇಕಾಗಿತ್ತಲ್ವಾ? ಕೂದಲು ಕಾಲರ್ ಮುಟ್ಟಿದ್ರೂ ಬರಲಿಲ್ಲ. ಈ ಯಜಮಾನ ಬಾಯಿಬಡುಕ. ನಿಮ್ಮ ತಂಗಿ ಮೇಲೆ ಬಂದಿದ್ಲು ಅಂತ ಹೇಳಿಬಿಟ್ಟರೆ ಅನ್ನೋ ಭಯ. ಹೌದೇನ್ರೀ?"

ಅಣ್ಣ ತಲೆ ತಗ್ಗಿಸಿದ. ಅವನು ಇಲ್ಲವೆನ್ನಲಿ ಎಂದು ಬೆಲೆಯಮ್ಮ ಕಾದಳು. ಅವನು ಅನ್ನಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ, ಅಳು ಬಂತು.

"ಒಂದು ಮಾತು ನನ್ನನ್ನೇ ಕೇಳ್ಬಹುದಿತ್ತಲ್ಲೋ! ಆವತ್ತು ಊಟಕ್ಕೆ ಕೂತಾಗಲೇ, ಅಂಗಡಿ ಮುಚ್ಚಿತ್ತಲ್ಲೇ ಅಂತ ಕೇಳಿದ್ರೆ ಆಗ್ತಿತ್ತು."

"ಕೇಳಿದ್ರೆ ನಿನ್ನದೇ ಸರಿ ಅಂತ ಗೊತ್ತಾಗಿಬಿಡ್ತಿತ್ತು."

ಇನ್‌ಸ್ಪೆಕ್ಟರಮ್ಮ ನಿರ್ದೇಶಕರಿಗೆ ಫೋನ್ ಹಚ್ಚಿ ನಾಲ್ಕೇ ಮಾತಿನಲ್ಲಿ ಮುಗಿಸಿದರು. "ದೂರು ಸುಳ್ಳು. ಕಚೇರಿಯವರದ್ದಲ್ಲ, ಮನೆಯದ್ದು. ಹೌದು, ಖಚಿತ. ಸೀಟು ಹುಡುಗಿಯದೇ." ಆಮೇಲೆ ಕೊಡೆ ತೆಗೆದುಕೊಂಡು ಹೊರಗೆ ಹೋಗಿ ನಿಂತರು.

ಬೆಲೆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸೀಟು ಉಳಿಯಿತು ಎಂಬ ಸಂತೋಷ ಎಲ್ಲೋ ಇತ್ತು, ಇನ್ನೂ ಹತ್ತಿರ ಬಂದಿರಲಿಲ್ಲ. ಅವಳಿಗೆ ಕೇಳಬೇಕಾದದ್ದು ಇನ್ನೊಂದು ಉಳಿದಿತ್ತು.

"ಪ್ರಬಂಧ ತಿದ್ದಿದ ರಾತ್ರಿ, ತುಂಬಾ ಚೆನ್ನಾಗಿದೆ ಕಣೇ ಅಂದಿದ್ದೆ. ಅದಾದ್ರೂ ನಿಜವೇನೋ?"

ಅಣ್ಣ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

"ಅದು ನಿಜ ಕಣೇ" ಎಂದ. "ಅದಕ್ಕೇ ಫೋನ್ ಮಾಡಿದ್ದು."