ಕರೆ ಕೂಗದ ಕೋಣೆ

ಲಿಫ್ಟ್ ರಿಪೇರಿಯ ಮೇಸ್ತ್ರಿ ಮೊದಲ ಸಲ ವಿಮಾನ ನಿಲ್ದಾಣದ ಆ ಲೌಂಜಿಗೆ ಬಂದ ದಿನ, ತಾನು ಕುಡಿದ ಲೋಟವನ್ನು ತಾನೇ ತೊಳೆದುಬಿಟ್ಟ.

ಅಲ್ಲಿ ಲೋಟ ತೊಳೆಯಲು ಜಾಗವೇ ಇಲ್ಲ. ಕೈ ತೊಳೆಯುವ ಕಡೆ ಹೋಗಿ, ಬಿಳಿ ಟವೆಲ್ಲಿನಲ್ಲಿ ಒರೆಸಿ, ಚಹಾದ ಕೌಂಟರಿಗೆ ತಂದು ಬೋರಲು ಹಾಕಿದ. ಕೌಂಟರಿನ ಹೆಂಗಸು ಎಂಟು ವರ್ಷದಿಂದ ಅಲ್ಲಿ ನಿಂತವಳು. ಲೋಟ ವಾಪಸು ತಂದುಕೊಟ್ಟ ಪ್ರಯಾಣಿಕನನ್ನು ಅವಳು ಅದುವರೆಗೆ ಕಂಡಿರಲಿಲ್ಲ.

“ಸಾರ್, ಅದನ್ನ ಟೇಬಲ್ ಮೇಲೇ ಬಿಡಬಹುದಿತ್ತು.”

“ಕುಡಿದ ಲೋಟ ಹಾಗೇ ಬಿಟ್ಟು ಎದ್ದರೆ ನಮ್ಮಮ್ಮ ಕಿವಿ ಹಿಂಡ್ತಿದ್ರು.”

“ಅಮ್ಮ ಇಲ್ಲಿಲ್ವಲ್ಲ.”

“ಕಿವಿ ಇದೆಯಲ್ಲ ಮೇಡಂ.”

ಅವಳ ಕಣ್ಣು ತಾನಾಗಿಯೇ ಅವನ ಕಿವಿಯ ಕಡೆ ಹೋಯಿತು. ಅವಳು ನೋಡಿದ್ದೇ ತಡ, ಕಿವಿ ಕೆಂಪಗಾಯಿತು. ನಗು ಬಂದರೂ ತಡೆದುಕೊಂಡಳು.

“ಕಂಪನಿಯವರು ಕಾರ್ಡ್ ಕೊಟ್ಟರು. ಬಾಗಿಲಲ್ಲಿ ತೋರಿಸು ಅಂದ್ರು, ತೋರಿಸಿದೆ. ಒಳಗೆ ಬಂದಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ,” ಅಂದ.

“ಏನೂ ಮಾಡಬಾರದು ಸಾರ್. ಅದಕ್ಕೇ ಇರೋದು ಇದು.”

ಆದರೂ ಜೊತೆಯಲ್ಲಿ ನಡೆದು ತೋರಿಸಿದಳು. ಇಲ್ಲಿ ಬಿಸಿ ಸೂಪು, ಬ್ರೆಡ್ಡು. ಅಲ್ಲಿ ಹಣ್ಣು. ಆ ಕಡೆ ಸ್ನಾನದ ಕೋಣೆ, ಬಿಸಿನೀರು ಬರುತ್ತದೆ. ಮೂಲೆಯಲ್ಲಿ ಹಿಂದಕ್ಕೆ ಒರಗುವ ಕುರ್ಚಿಗಳು. ಒಬ್ಬರಿಗೆ ಮೂರು ಗಂಟೆ ಹೊತ್ತು.

“ಒಂದು ಮಾತ್ರ ನೆನಪಿರಲಿ. ಇಲ್ಲಿ ವಿಮಾನದ ಕರೆ ಕೂಗಲ್ಲ. ಬೋರ್ಡ್ ನೀವೇ ನೋಡ್ಕೋಬೇಕು. ನಿದ್ದೆ ಮಾಡೋದಾದ್ರೆ ಚೀಟೀಲಿ ಟೈಮ್ ಬರೆದು ಕೊಡಿ, ನಾನೇ ಬಂದು ಎಬ್ಬಿಸ್ತೀನಿ.”

ಜೊತೆಯವರು ಅವಳನ್ನು ‘ಎಬ್ಬಿಸೋ ಅಕ್ಕ’ ಎಂದೇ ಕರೆಯುತ್ತಿದ್ದರು. ಅವಳು ಯಾರನ್ನೂ ಮುಟ್ಟಿ ಎಬ್ಬಿಸುತ್ತಿರಲಿಲ್ಲ. ಕುರ್ಚಿಯ ತೋಳಿನ ಮೇಲೆ ಬೆರಳಿನಿಂದ ಮೂರು ಸಲ ಮೆಲ್ಲಗೆ ತಟ್ಟುತ್ತಿದ್ದಳು, ಅಷ್ಟೆ. ಎಂಟು ವರ್ಷದಲ್ಲಿ ಅವಳ ಕೈಗೆ ಚೀಟಿ ಕೊಟ್ಟ ಒಬ್ಬರೂ ವಿಮಾನ ತಪ್ಪಿಸಿಕೊಂಡಿರಲಿಲ್ಲ.

ಮೇಸ್ತ್ರಿ ಆಮೇಲೆ ಎರಡು ವಾರಕ್ಕೊಮ್ಮೆ ಮಂಗಳವಾರ ಬೆಳಿಗ್ಗೆ ಬರತೊಡಗಿದ. ದೂರದ ಊರಿನ ಹತ್ತು ಮಹಡಿಯ ಆಸ್ಪತ್ರೆಯ ಹಳೇ ಲಿಫ್ಟುಗಳನ್ನು ಒಂದೊಂದಾಗಿ ಬದಲಾಯಿಸುವ ಕೆಲಸ. ಇಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ನಡುವೆ ಆ ಮೂರು ಗಂಟೆ.

ಎಲ್ಲರೂ ವಿಮಾನ ಕಾಣುವ ಗಾಜಿನ ಕಡೆಯ ಕುರ್ಚಿಗೆ ಆಸೆಪಟ್ಟರೆ, ಅವನು ಗಾಜಿಗೆ ಬೆನ್ನು ಹಾಕಿ, ಕೌಂಟರಿಗೆ ಮುಖ ಮಾಡಿ ಕೂರುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಚಹಾದ ಸ್ಟೀಲ್ ಪಾತ್ರೆಯ ಹೊಳೆಯುವ ಹೊಟ್ಟೆಯಲ್ಲಿ ಅವನು ಪೂರ್ತಿ ಕಾಣುತ್ತಿದ್ದ: ತಲೆ ದಪ್ಪ, ಕಾಲು ಗಿಡ್ಡ, ಕಣ್ಣು ಮಾತ್ರ ಇತ್ತಲೇ.

“ಮನೇಲಿ ಯಾರಿದ್ದಾರೆ?” ಒಂದು ಮಂಗಳವಾರ ಅವಳು ಕೇಳಿದಳು.

“ನಾನಿದ್ದೀನಿ. ಮದುವೆ ವಯಸ್ಸಲ್ಲಿ ತಂಗಿಯರ ಮದುವೆ ಮಾಡಿಸ್ತಿದ್ದೆ. ತಲೆ ಎತ್ತಿ ನೋಡೋ ಹೊತ್ತಿಗೆ ತಲೇಲಿ ಕೂದಲಿರಲಿಲ್ಲ. ನಿಮ್ಮನೇಲಿ?”

“ಅತ್ತೆ. ಯಜಮಾನರು ಹೋಗಿ ಒಂಬತ್ತು ವರ್ಷ. ಅತ್ತೇನೂ ನಾನೂ ದಿನಾ ಜಗಳ ಆಡ್ತೀವಿ. ಅದರಲ್ಲೇ ದಿನ ಹೋಗುತ್ತೆ.”

ಹೀಗೆ ಒಂದು ವರ್ಷ ಕಳೆಯಿತು. ಅವನು ಒಮ್ಮೆಯೂ ಚೀಟಿ ಬರೆದುಕೊಡಲಿಲ್ಲ. ಆ ಮೂರು ಗಂಟೆಯಲ್ಲಿ ನಿದ್ದೆ ಮಾಡುವ ಮನಸ್ಸು ಅವನಿಗೆಲ್ಲಿಂದ ಬರಬೇಕು.

ಆಮೇಲೊಂದು ಮಂಗಳವಾರ ಅವನು ಕೌಂಟರಿನ ಮುಂದೆ ಬಂದು ನಿಂತ.

“ಆಸ್ಪತ್ರೆ ಲಿಫ್ಟೆಲ್ಲ ಮುಗೀತು ಮೇಡಂ. ಇವತ್ತು ಹೋಗಿ ಒಪ್ಪಿಸಿಬಿಟ್ರೆ ಆಯ್ತು.”

“ಒಳ್ಳೇದಾಯ್ತಲ್ಲ ಸಾರ್.”

“ಒಳ್ಳೇದೇ. ಇನ್ನು ಈ ದಾರಿ ಇಲ್ಲ.”

ಅವಳು ಚಹಾ ಬಗ್ಗಿಸಿದಳು. ಲೋಟ ತುಂಬಿ ತಟ್ಟೆಗೆ ಚೆಲ್ಲಿತು. ಅವನು ಚಹಾ ಕುಡಿಯಲಿಲ್ಲ. ಚೀಟಿಯೊಂದನ್ನು ಎಳೆದುಕೊಂಡು ‘ಹನ್ನೊಂದು ಹತ್ತು’ ಎಂದು ಬರೆದು ಅವಳ ಮುಂದಿಟ್ಟ. ಮೂಲೆಯ ಕುರ್ಚಿಗೆ ಹೋಗಿ, ಹಿಂದಕ್ಕೊರಗಿ, ಕಣ್ಣು ಮುಚ್ಚಿದ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಕೊನೆಯ ದಿನ ನಿದ್ದೆಯೇ? ತಟ್ಟೆಗೆ ಚೆಲ್ಲಿದ ಚಹಾ ಒರೆಸುವಷ್ಟರಲ್ಲಿ ಸಿಟ್ಟು ಇಳಿಯಿತು. ಗಾಜಿನಾಚೆ ಒಂದರ ಹಿಂದೊಂದು ವಿಮಾನ ಸದ್ದಿಲ್ಲದೆ ಏಳುತ್ತಿತ್ತು. ಬಿಸಿಲು ನೆಲಗಂಬಳಿಯ ಮೇಲೆ ಹರಿದು ಬಂದು ಅವನ ಚಪ್ಪಲಿಯ ತುದಿ ಮುಟ್ಟಿತು, ಮೊಣಕಾಲಿಗೇರಿತು. ಎಲ್ಲವೂ ನೀರೊಳಗೆ ನಡೆಯುತ್ತಿರುವ ಹಾಗೆ ನಿಧಾನವಾಗಿತ್ತು.

ಹನ್ನೊಂದು ಗಂಟೆಗೆ ಒಂದು ಯೋಚನೆ ಬಂತು. ಎಬ್ಬಿಸದಿದ್ದರೆ? ಇಲ್ಲಿ ಯಾರೂ ಕರೆ ಕೂಗುವುದಿಲ್ಲ. ವಿಮಾನ ಹೋಗುತ್ತದೆ, ಮುಂದಿನದು ನಾಳೆ. ಇವತ್ತೊಂದು ದಿನ ಅವನು ಈ ಊರಿನಲ್ಲಿ ಉಳಿಯುತ್ತಾನೆ. ಗದ್ದಲದಲ್ಲಿ ಮರೆತೆ ಎಂದರೆ ಎಲ್ಲರೂ ನಂಬುತ್ತಾರೆ.

ಚೀಟಿಯನ್ನು ಮಡಚಿದಳು, ಬಿಚ್ಚಿದಳು. ಹನ್ನೊಂದು ಹತ್ತಕ್ಕೆ ಸರಿಯಾಗಿ ಹೋಗಿ ಕುರ್ಚಿಯ ತೋಳಿನ ಮೇಲೆ ಮೂರು ಸಲ ತಟ್ಟಿದಳು.

ಅವನು ಕಣ್ಣು ಬಿಟ್ಟ. ಕಣ್ಣಿನಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ.

“ನೀವು ಮಲಗೇ ಇಲ್ಲ.”

“ಇಲ್ಲ.”

“ಮತ್ತೆ ಈ ಚೀಟಿ?”

ಅವನು ಬ್ಯಾಗಿನ ಪಟ್ಟಿ ಹುಡುಕುತ್ತ ನೆಲ ನೋಡಿದ. “ಬಾಯಿಬಿಟ್ಟು ಕೇಳೋ ಧೈರ್ಯ ಆಗಲಿಲ್ಲ. ಎಬ್ಬಿಸದೆ ಬಿಟ್ರೆ, ನಾನು ಉಳೀಲಿ ಅಂತ ನಿಮ್ಮ ಮನಸ್ಸಲ್ಲಿದೆ ಅಂದ್ಕೊಳ್ಳೋಣ ಅಂತಿದ್ದೆ. ನೀವು ಒಂದು ನಿಮಿಷನೂ ತಡಮಾಡಲಿಲ್ಲ. ನನಗೆ ಅರ್ಥವಾಯ್ತು. ಬರ್ತೀನಿ.”

“ಕೂತ್ಕೊಳ್ಳಿ,” ಅಂದಳು. ಪ್ರಯಾಣಿಕರ ಜೊತೆ ಅವಳು ಹಾಗೆ ಮಾತಾಡಿದ್ದೇ ಇಲ್ಲ. ಅವನು ಕೂತ.

“ಏನು ಅರ್ಥವಾಯ್ತು ನಿಮಗೆ? ನಿದ್ದೆ ಮಾಡೋರನ್ನ ಎಬ್ಬಿಸದೆ ಇಟ್ಕೊಂಡ್ರೆ ಅದು ಕಳ್ಳತನ. ನನ್ನ ಹತ್ರ ಉಳಿಯೋರು ಎಚ್ಚರ ಇದ್ದು ಉಳೀಬೇಕು.”

ಅವನ ಕಿವಿ ಮೆಲ್ಲಗೆ ಕೆಂಪಾಗುತ್ತ ಬಂತು. “ಎಚ್ಚರವಾಗೇ ಇದ್ದೀನಿ. ಒಂದು ವರ್ಷದಿಂದ.”

“ಅತ್ತೇನ ಬಿಟ್ಟು ನಾನೆಲ್ಲೂ ಬರಲ್ಲ.”

“ಒಬ್ಬರಿಗೇ ಜಾಗ ಇರೋ ಲಿಫ್ಟನ್ನ ನಾನು ಇದುವರೆಗೂ ಕೂರಿಸಿಲ್ಲ.”

ಈ ಸಲ ಅವಳು ನಗು ತಡೆಯಲಿಲ್ಲ.

“ಏಳಿ, ವಿಮಾನ ಹೋಗಿಬಿಡುತ್ತೆ. ಕೆಲಸ ಒಪ್ಪಿಸಿ ಬನ್ನಿ. ಭಾನುವಾರ ನನಗೆ ರಜೆ.”

“ಕಾರ್ಡ್ ವಾಪಸ್ ಕೊಟ್ಟಮೇಲೆ ಒಳಗೆ ಬಿಡಲ್ವಲ್ಲ?”

“ಒಳಗೆ ಯಾಕೆ? ಇಷ್ಟು ಸಲ ಬಂದ್ರಿ, ನಮ್ಮೂರನ್ನ ಒಂದ್ಸಲ ನೋಡಿದ್ದೀರಾ? ಹೊರಗೆ ಬನ್ನಿ.”

ಭಾನುವಾರ ಅವಳು ಹೊರಡುವಾಗ ಅತ್ತೆಯೂ ಚಪ್ಪಲಿ ಮೆಟ್ಟಿದರು. “ನಾನೂ ಬರ್ತೀನಿ ನಡಿ. ನಿನಗೆ ಮನುಷ್ಯರನ್ನ ಅಳೆಯೋಕೆ ಬರಲ್ಲ. ಹೊರಟು ನಿಂತವರನ್ನೇ ನೋಡಿ ಅಭ್ಯಾಸ ನಿನಗೆ.”

ಮಾತು ಸುಳ್ಳಲ್ಲ. ಒಂಬತ್ತು ವರ್ಷ ಅವಳು ಕಂಡದ್ದೆಲ್ಲ ಹೋಗುವವರನ್ನು. ಬರುವವರ ಬಾಗಿಲಲ್ಲಿ ನಿಂತದ್ದು ಅದೇ ಮೊದಲು. ಯೂನಿಫಾರಂ ಇಲ್ಲದೆ, ಹಗಲಿನ ಬೆಳಕಿನಲ್ಲಿ ತಾನು ಹೇಗೆ ಕಾಣುತ್ತೇನೋ ಎಂದು ಸೆರಗನ್ನು ಎರಡು ಸಲ ಸರಿಮಾಡಿಕೊಂಡಳು.

ಗಾಜಿನ ಬಾಗಿಲು ಸರಿಯಿತು. ಜನ ಬಂದರು, ಇನ್ನೂ ಜನ ಬಂದರು.

“ಅವರೇನಾ?” ಅತ್ತೆ ಮೊಣಕೈಯಿಂದ ತಿವಿದರು. “ಕೂದಲಿಲ್ಲ.”

“ಅವರೇ ಅತ್ತೆ. ಕೂದಲಿಲ್ಲ.”

“ಇರಲಿ. ನಡಿಗೇಲಿ ಅವಸರ ಇದೆ.”

ಆ ಬಾಗಿಲಿನಿಂದ ಬರುತ್ತಿದ್ದವರೆಲ್ಲ ಕಣ್ಣಿನಲ್ಲೇ ಯಾರನ್ನೋ ಹುಡುಕುತ್ತಿದ್ದರು. ಅವನ ಕಣ್ಣೂ ಹುಡುಕುತ್ತ ಬಂತು. ಬಂದು ಅವಳ ಮೇಲೆ ನಿಂತಿತು, ಮುಂದಕ್ಕೆ ಹೋಗಲಿಲ್ಲ.