ಹದ್ದಿನ ರೆಕ್ಕೆಯಲ್ಲಿ ಸುಟ್ಟ ಗುರುತು

"ಇದು... ಹದ್ದಿನ ರೆಕ್ಕೆ ಅಲ್ವಾ?"

ಒಲೆ ರಿಪೇರಿಗೆ ಬಂದವನ ಬೆರಳು ಅವಳ ಮೇಜಿನ ಮೇಲೆ ನಿಂತುಬಿಟ್ಟಿತ್ತು. ಅಲ್ಲೊಂದು ಸುಟ್ಟ ಗುರುತು. ಎಂದೋ ಕಾದ ಚಿಮಟ ಜಾರಿ ಬಿದ್ದು ಆದದ್ದು, ಕೊಡೆಯ ಹಿಡಿಕೆಯಂತೆ ಬಾಗಿತ್ತು.

ಅವಳ ಕೈಯಲ್ಲಿದ್ದ ಹಲ್ಲು ನೆಲಕ್ಕೆ ಬಿತ್ತು.

ಹಲ್ಲೇ ಅವಳ ಕೆಲಸ. ಚಿಕ್ಕಮ್ಮನ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ತಿದ್ದಿ, ಬಣ್ಣ ಹಚ್ಚಿ, ಒಲೆಯಲ್ಲಿ ಸುಡುವುದು. ಸಂಜೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಅವಳೇ ಬೇರೆ. ಆ ವರ್ಚುವಲ್ ಲೋಕದಲ್ಲಿ ಅವಳ ಹೆಸರು ಹದ್ದು. ತಾಮ್ರದ ರೆಕ್ಕೆ, ಚೂಪಾದ ಕೊಕ್ಕು, ಅದಕ್ಕಿಂತ ಚೂಪಾದ ಮಾತು. ಅಲ್ಲಿ ಅವಳು ತನ್ನದೇ ರೂಪದಲ್ಲಿ ಕಟ್ಟಿದ ಹದ್ದಿನ ಪ್ರತಿಮೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಹದ್ದು ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾಗಲೂಬಾರದು!

"ಯಾವ... ಹದ್ದು?" ಅವಳು ಬಗ್ಗಿ, ಬಿದ್ದ ಹಲ್ಲು ಹುಡುಕತೊಡಗಿದಳು.

"ಏನಿಲ್ಲ ಬಿಡಿ ಮೇಡಂ... ಒಲೆ ಕಾಯಿಲ್ ಸುಟ್ಟಿದೆ. ಹೊಸದು ನಾಳೆ ತರ್ತೀನಿ." ಅವನು ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಚಿಕ್ಕಮ್ಮ ನಕ್ಕಳು. "ಏನೇ, ದೆವ್ವ ಕಂಡೋನ ಹಾಗೆ ಓಡಿದ? ಊರೋರಿಗೆಲ್ಲ ಹಲ್ಲು ಮಾಡ್ಕೊಡ್ತೀಯ, ನಿನ್ನ ಬಾಯಿಗೆ ಮಾತು ಯಾರೇ ಮಾಡ್ಕೊಡೋದು?"

ಅವಳಿಗೆ ನಗು ಬರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದಾದಾಗ ಗೋಡೆಗೆ ಅಂಟಿಕೊಂಡು ನಿಂತಳು. ಮೇಲಿನ ಮನೆಯ ಅಜ್ಜ, ಅಷ್ಟೇ. ಒಳಗೆ ಹೋಗಿ ಚಿಲಕ ಹಾಕಿದಳು. ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ನೋಡಿದಳು.

ಕಂಪ್ಯೂಟರ್ ತೆರೆದು ಪ್ರತಿಮೆಯ ರೆಕ್ಕೆಯನ್ನು ದೊಡ್ಡದು ಮಾಡಿದಳು. ಅಲ್ಲಿತ್ತು... ಕೊಡೆಯ ಹಿಡಿಕೆ!

ಆ ಲೋಕದಲ್ಲಿ ಪ್ರತಿಮೆಗೆ ಮೈ ಹೊದಿಸಲು ನಿಜವಾದ ಗೋಡೆ, ಮರ, ತುಕ್ಕಿನ ಫೋಟೊ ಬಳಸುತ್ತಾರೆ. ಅವಳು ತನ್ನ ಮೇಜಿನ ಫೋಟೊಗೆ ತಾಮ್ರದ ಬಣ್ಣ ಕೊಟ್ಟು ರೆಕ್ಕೆಗೆ ಹೊದಿಸಿದ್ದಳು. ಸುಟ್ಟ ಗುರುತನ್ನು ಅಳಿಸಬಹುದಿತ್ತು. ಚೆನ್ನಾಗಿದೆ ಎಂದು ಬಿಟ್ಟಿದ್ದಳು. ತನ್ನ ವಿಳಾಸವನ್ನು ತಾನೇ ರೆಕ್ಕೆಯ ಮೇಲೆ ಬರೆದುಕೊಂಡು ಹಾರಾಡಿದ್ದಳು!

ಅಷ್ಟರಲ್ಲಿ ಪರದೆಯ ಮೇಲೆ ಆಮೆ ಬಂದ.

ಆಮೆ ಅವಳ ಪ್ರತಿಮೆಗಳಿಗೆ ಬೆಳಕು ಕೂರಿಸುವವನು. ಅಲ್ಲಿ ಮಾತೆಲ್ಲ ಟೈಪಿಂಗ್‌ನಲ್ಲೇ. ಅವಳು ದಿನಾ ಬೈಯುತ್ತಿದ್ದಳು, ಅವನು ಬೈಸಿಕೊಂಡೇ ಬೆಳಕು ಸರಿಮಾಡುತ್ತಿದ್ದ. ಅವನು ಬಾರದ ಸಂಜೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೆ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ.

"ಆಮೆ, ಹೆದರಿಕೆ ಆಗ್ತಿದೆ ಕಣೋ. ಯಾರೋ ನನ್ನನ್ನ ಹುಡುಕ್ಕೊಂಡು ಕೆಲಸದ ಜಾಗಕ್ಕೇ ಬಂದಿದ್ದ. ನಾಳೆ ಮತ್ತೆ ಬರ್ತಾನೆ."

ಆಮೆಯ ಮಾತು ಅರ್ಧ ಮೂಡಿ ಅಳಿಸಿತು. ಆಮೇಲೆ ಮತ್ತೆ ಮೂಡಿತು.

"ಹದ್ದು... ಇವತ್ತು ಬಂದಿದ್ದವನು ನಾನೇ."

ಅವಳು ಕುರ್ಚಿ ಹಿಂದಕ್ಕೆ ತಳ್ಳಿದಳು. ಇವನಾ? ಇಷ್ಟು ದಿನ ಬೆಳಕಿನ ನೆಪದಲ್ಲಿ ನನ್ನ ಜಾಡು ಹಿಡಿಯುತ್ತಿದ್ದನಾ?

ಅವನನ್ನು ಬ್ಲಾಕ್ ಮಾಡಿದಳು. ಪ್ರತಿಮೆಯನ್ನೇ ಕಿತ್ತು ಹಾಕಿದಳು.

ಮರುದಿನ ಅವನು ಬಂದ. ಹೊಸಿಲಾಚೆಯೇ ನಿಂತ. "ಒಳಗೆ... ಬರ್ಲಾ?"

ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು.

"ಬಾಗಿಲಲ್ಲಿ ನಿಂತು ಒಲೆ ರಿಪೇರಿ ಮಾಡ್ತೀಯೇನಪ್ಪಾ?" ಚಿಕ್ಕಮ್ಮ ಗದರಿದಳು. "ಮಾಮೂಲಿ ಬರೋ ರಿಪೇರಿಯವನಿಗೆ ಜ್ವರ ಅಂತ, ಅವರಿವರನ್ನ ಕೇಳಿ ನಾನು ಇವನನ್ನ ಕರೆಸಿದ್ರೆ, ಇವನಿಗೊಂದು ನಾಚಿಕೆ!" ಅನ್ನುತ್ತಾ ಫೋನ್ ಹಿಡಿದು ಒಳಕೋಣೆಗೆ ಹೋದಳು.

ಚಿಕ್ಕಮ್ಮ ಕರೆಸಿದ್ದಾ...? ಹಾಗಾದರೆ ಇವನು ಹುಡುಕಿಕೊಂಡು ಬಂದವನಲ್ಲ!

ಆದರೂ ಮೇಜಿನ ಅಂಚು ಬಿಡಲಿಲ್ಲ. ಈಗಿನ ಹೆದರಿಕೆ ಬೇರೆ. ಇವನು ನೋಡಿಬಿಟ್ಟ. ಉಗುರಿನ ಸಂದಿಯ ಪುಡಿ, ಮಾಸಿದ ಏಪ್ರನ್, ಮಾತು ಬಾರದ ಬಾಯಿ... ಹದ್ದು ಅಂದರೆ ಇಷ್ಟೇ ಎಂದು ಇವನಿಗೆ ಗೊತ್ತಾದ ಮೇಲೆ, ಅದು ಇನ್ನು ಹಾರುವುದು ಹೇಗೆ?

ಅವನು ಬೆನ್ನು ಹಾಕಿ ಕೂತು ಒಲೆ ಬಿಚ್ಚಿದ. ಆಮೆಯ ನಿಧಾನ ಇವನಲ್ಲಿ ಸ್ವಲ್ಪವೂ ಇರಲಿಲ್ಲ. ಗಾಬರಿಯಲ್ಲಿ ಒಂದೇ ಉಸಿರಿಗೆ ಮಾತಾಡಿದ.

"ಮೇಡಂ, ನಿನ್ನೆ ಸಂಜೆ ನಾನು ಸುಮ್ನಿದ್ದಿದ್ರೆ ಆಮೆ ಯಾರು ಅಂತ ನಿಮಗೆ ಗೊತ್ತೇ ಆಗ್ತಿರ್ಲಿಲ್ಲ. ಆದ್ರೆ ನೀವು ಹೆದರ್ಕೊಂಡಿದ್ರಿ. ಯಾರಿಗೆ ಹೆದರ್ತಿದೀನಿ ಅಂತಾದ್ರೂ ಗೊತ್ತಿರ್ಲಿ ಅಂತ ಹೇಳ್ಬಿಟ್ಟೆ. ಇನ್ಮೇಲೆ ಬೇರೆಯವನನ್ನ ಕಳಿಸ್ತೀನಿ, ಅಲ್ಲೂ ನಾನು ಬರಲ್ಲ. ಪ್ರತಿಮೆ ಮಾತ್ರ ವಾಪಸ್ ಇಡಿ. ಅದನ್ನ ಮಾಡಿದ ಕೈನ ನಾನು... ಮುಖ ಗೊತ್ತಿಲ್ದಾಗ್ಲೇ ಪ್ರೀತಿಸ್ದೆ. ಅಷ್ಟೇ. ಹೊರಡ್ತೀನಿ."

ಸ್ಕ್ರೂ ಬಿಗಿಯತೊಡಗಿದ. ಅವಸರದಲ್ಲಿ, ಹಲ್ಲು ಇಡುವ ಒಳಗಿನ ತಟ್ಟೆಯನ್ನು ತಲೆಕೆಳಗಾಗಿ ಕೂರಿಸಿದ್ದ!

ಅವಳಿಗೆ ಕಂಡಿತು. ಹೇಳಬೇಕು. ಬಾಯಿ ಬರುತ್ತಿಲ್ಲ. ಹೇಳದಿದ್ದರೆ ಸುಡುವಾಗ ಹಲ್ಲು ಸೀಳಿಹೋಗುತ್ತವೆ... ಇವನೂ ಹೋಗುತ್ತಾನೆ. ಇನ್ನೆಂದೂ ಬರುವುದಿಲ್ಲ.

"ಏಯ್ ಆಮೆ! ಆ ತಟ್ಟೆ ತಲೆಕೆಳಗು! ಕಣ್ಣು ಚಿಪ್ಪೊಳಗೇ ಬಿಟ್ಟು ಬಂದಿದೀಯಾ?"

ಇಬ್ಬರೂ ಬೆಚ್ಚಿದರು. ಹದ್ದಿನ ದನಿ... ಈ ಬಾಯಿಂದ!

ಅವನು ತಿರುಗಿದ. ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

"ಇನ್ನೊಂದ್ಸಲ ಬೈತೀರಾ?"

"ಮೊದ್ಲು ತಟ್ಟೆ ಸರಿ ಮಾಡು." ಅವಳ ದನಿ ಸಣ್ಣಗಾಯಿತು. "ಹೋಗ್ಬೇಡ. ಸಂಜೆ ಪ್ರತಿಮೆ ವಾಪಸ್ ಇಡ್ತೀನಿ. ಬೆಳಕು ಬೇಕು... ನೀನೂ ಬೇಕು. ಆದ್ರೆ ನನ್ನ ಹೆದರಿಕೆ ಇನ್ನೂ ಹೋಗಿಲ್ಲ ಕಣೋ."

"ನಂದೂ ಹೋಗಿಲ್ಲ. ನಿಧಾನಕ್ಕೆ ಹೋಗ್ಲಿ ಬಿಡು," ಅಂದ ಅವನು. "ಆಮೆಗೇನು ಅವಸರ?"