ಪಾಂತೊಹಾದಲ್ಲಿ ತಪ್ಪಿದ ಲಾಂಚು

ಗಡಿ ದಾಟಿ ಪೆರುವಿನ ಪಾಂತೊಹಾ ಸೇರಲು ನಾಪೊ ನದಿಯಲ್ಲಿ ಎರಡು ತಾಸಿನ ದಾರಿ. ಒಬ್ಬರೇ ದೋಣಿ ಹಿಡಿದರೆ ಅರವತ್ತು ಡಾಲರ್. ಲುದಿವಿನಾ ಹತ್ತಿರ ಅಷ್ಟಿರಲಿಲ್ಲ.

"ಇನ್ನೊಬ್ಬ ಬರ್ತಿದ್ದಾನೆ, ತಡಿ ತಾಯಿ," ಎಂದ ದೋಣಿಯ ಮುದುಕ ತಿಯೋಫಿಲೊ. "ಬಾಳೆಗೊನೆ ಮೇಲೆ ಕೂತ್ಕೊಂಡ್ರೆ ಇಬ್ಬರಿಗೂ ತಲಾ ಹದಿನೈದಕ್ಕೆ ಮುಗಿಸ್ತೀನಿ."

ಬಂದವನ ಹೆಸರು ಅಬ್ಸಲೋನ್. ಒದ್ದೆ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದ. ದೋಣಿ ಹೊರಟಿತು. ಎರಡೂ ದಡದ ಕಾಡು ನೀರಿಗೆ ಬಾಗಿತ್ತು. ಲುದಿವಿನಾಳ ಕಣ್ಣು ಮಾತ್ರ ಪೆಟ್ಟಿಗೆಯ ಮೇಲೆ.

"ಒಳಗೇನಿದೆ?"

"ಒಬ್ಬ ರಾಣಿ."

"ಗಂಡಸರೆಲ್ಲ ಹೀಗೇ ಹೇಳ್ತಾರೆ."

ಅವನು ನಕ್ಕು ಅವಳನ್ನೇ ನೋಡಿದ. ಅವಳು ನೀರು ನೋಡಿದಳು. ಮತ್ತೆ ತಿರುಗಿದಾಗಲೂ ಅವನು ನೋಡುತ್ತಲೇ ಇದ್ದ.

"ಕುಟುಕದ ಜೇನು," ಎಂದ. "ಹೋದ ಸಲದ ನೆರೆಯಲ್ಲಿ ನನ್ನ ಗೂಡೆಲ್ಲ ಕೊಚ್ಚಿಹೋಯ್ತು. ಸೋದರಮಾವ ಇದೊಂದು ಕೊಟ್ಟ. ಇದನ್ನ ನಮ್ಮೂರು ಸಾಂತಾ ಕ್ಲೊತಿಲ್ದೆಗೆ ಮುಟ್ಟಿಸಿದ್ರೆ ಮತ್ತೆ ಶುರು ಮಾಡ್ಬಹುದು. ನೀವು?"

"ಇಕಿತೋಸ್ ಪಟ್ಟಣಕ್ಕೆ. ಹೊಲಿಗೆ ಕಾರ್ಖಾನೇಲಿ ಕೆಲಸ. ಸೋಮವಾರದೊಳಗೆ ಹೋಗ್ಬೇಕು."

ಇಬ್ಬರೂ ಹಿಡಿಯಬೇಕಾದದ್ದು ಒಂದೇ ಲಾಂಚು. ಪಾಂತೊಹಾದಿಂದ ಮಧ್ಯಾಹ್ನ ಹೊರಡುತ್ತದೆ, ತಪ್ಪಿದರೆ ಮುಂದಿನದು ಹನ್ನೆರಡು ದಿನಕ್ಕೆ.

ಪಾಂತೊಹಾದಲ್ಲಿ ಅವಳ ಪಾಸ್‌ಪೋರ್ಟಿಗೆ ಬೇಗ ಮುದ್ರೆ ಬಿತ್ತು. ಅವನ ಕಾಗದ ನೋಡುತ್ತಾ ಅಧಿಕಾರಿ ಕೂತುಬಿಟ್ಟ. ಹೊರಗೆ ಪೆಟ್ಟಿಗೆ ಕಾಯುತ್ತಿದ್ದ ಲುದಿವಿನಾ ಅದಕ್ಕೆ ಕಿವಿಯಿಟ್ಟಳು. ಸಣ್ಣಗೆ ಗುಂಯ್‌ಗುಡುತ್ತಿತ್ತು. ರಾಣಿ ಹೇಗಿರಬಹುದು? ತೂತಿಗೆ ತುರುಕಿದ್ದ ಎಲೆಯ ಬಿರಡೆಯನ್ನು ಒಂದೇ ಕ್ಷಣ, ಇಣುಕಿ ನೋಡುವಷ್ಟು ಕಾಲ, ಎಳೆದಳು.

ಸಾಸಿವೆ ಚೆಲ್ಲಿದಂತೆ ಜೇನು ಹೊರಬಂದವು. ಅವಳು ಬಿರಡೆ ಒತ್ತುವಷ್ಟರಲ್ಲಿ ನೂರಾರು ಕಾಡಿನ ಕಡೆ ಹಾರಿದ್ದವು.

ಅಬ್ಸಲೋನ್ ಹೊರಬಂದು ನೋಡಿದ. ಮುಖ ಬಿಳುಚಿತು.

"ಬಿರಡೆ ನಾನೇ ತೆಗೆದೆ," ಎಂದಳು. "ಯಾವಾಗ ವಾಪಸ್ ಬರ್ತಾವೆ?"

"ಸಂಜೆಗೆ. ಗೂಡು ಇಲ್ಲೇ ಇರಬೇಕು. ತಗೊಂಡುಹೋದ್ರೆ ಹೊರಗಿರೋವು ಅನಾಥವಾಗ್ತಾವೆ, ಒಳಗಿರೋವು ಬಡವಾಗ್ತಾವೆ." ಮರಳುವವಕ್ಕೆ ದಾರಿಯಾಗಲೆಂದು ಬಿರಡೆಯನ್ನು ಮೆಲ್ಲಗೆ ತೆಗೆದಿಟ್ಟ. "ನಾನು ಉಳೀತೀನಿ. ನೀವು ಹೊರಡಿ."

ಲಾಂಚನ್ನು ಸಂಜೆಯವರೆಗೆ ನಿಲ್ಲಿಸುವಂತೆ ಅವಳು ಅದರ ಯಜಮಾನನನ್ನು ಬೇಡಿಕೊಂಡಳು. ಹುಳುಗಳಿಗೋಸ್ಕರವೇ ಎಂದು ಆತ ಹೊಟ್ಟೆ ಹಿಡಿದು ನಕ್ಕ. ಅವಳು ಲಾಂಚು ಹತ್ತಿ, ದಾರಿಯಲ್ಲಿ ಮಲಗಲು ತನ್ನ ತೂಗುಹಾಸಿಗೆ ಕಟ್ಟಿದಳು. ಅಷ್ಟರಲ್ಲಿ ಅಬ್ಸಲೋನ್ ಹಲಗೆ ಏರಿ ಬಂದು, ಎಲೆಯಲ್ಲಿ ಸುಟ್ಟ ಮೀನಿನ ಪೊಟ್ಟಣವನ್ನು ಅವಳ ಕೈಗಿತ್ತ.

"ಈ ಲಾಂಚಿನ ಗಂಜಿ ನಾಯೀನೂ ಮೂಸಲ್ಲ. ಇದನ್ನ ತಿನ್ನಿ."

"ನೀವು ಬೈಯಲ್ವಾ?"

"ಯಾಕೆ? ಒಳಗೇನಿದೆ ಅಂತ ನೋಡೋ ಆಸೆ. ನನಗೂ ಜೇನಿನ ಹುಚ್ಚು ಹತ್ತಿದ್ದು ಹಾಗೇ."

ಅವನು ಇಳಿದುಹೋದ. ಸೈರನ್ ಕೂಗಿತು. ತೂಗುಹಾಸಿಗೆಯ ಗಂಟನ್ನು ಅವಳ ಬೆರಳು ತಾನಾಗಿಯೇ ಬಿಚ್ಚತೊಡಗಿತು. ಹಲಗೆ ಎಳೆಯುವ ಮುಂಚೆ ಗಂಟುಮೂಟೆಯೊಂದಿಗೆ ಕೆಸರಿಗೆ ಹಾರಿದಳು.

ಪೆಟ್ಟಿಗೆಯ ಪಕ್ಕ ಕುಳಿತಿದ್ದ ಅವನು ಎದ್ದೇಬಿಟ್ಟ.

"ಕೆಲಸ?"

"ಹೋದ್ರೆ ಹೋಯ್ತು. ಸೂಜಿ ನನ್ನ ಹತ್ರಾನೇ ಇದೆಯಲ್ಲ."

"ಬಿರಡೆ ತೆಗೆದ ತಪ್ಪಿಗೆ ಇಳಿದ್ರಾ?"

"ಅದಕ್ಕೆ ಅಂದ್ಕೊಂಡೇ ಇಳಿದೆ. ಕೆಸರಲ್ಲಿ ಕಾಲಿಟ್ಟ ಮೇಲೆ, ಅದೊಂದಕ್ಕೇ ಅಲ್ಲ ಅನ್ನಿಸ್ತು."

"ಸಾಂತಾ ಕ್ಲೊತಿಲ್ದೆಯಲ್ಲಿ ದರ್ಜಿ ಯಾರೂ ಇಲ್ಲ," ಎಂದ ಅವನು.

"ಹೊಲಿಸ್ಕೊಳ್ಳೋರು ಇದ್ದಾರಾ?"

"ನಾನಿದ್ದೀನಿ." ತೋಳೆತ್ತಿ ಕಂಕುಳಲ್ಲಿ ಹರಿದ ಅಂಗಿ ತೋರಿಸಿದ.

"ಒಂದು ಅಂಗಿಗೋಸ್ಕರ ಅಷ್ಟು ದೂರ ಬರ್ಬೇಕಾ?"

"ಅಂಗಿ ನೆಪ," ಎಂದ ಅವನು, ಈ ಸಲ ನಗದೆ. "ನೀವು ಬರ್ಬೇಕು ಅಂತ ನನ್ನ ಆಸೆ."

ಅವಳು ಕೈಚಾಚಿದಳು. "ಮೊದಲು ಬಿಚ್ಚಿ ಕೊಡಿ. ಸೊಳ್ಳೆ ಕಚ್ಚಿದ್ರೆ ಸಹಿಸ್ಕೊಳ್ಳಿ."

ಬರಿಮೈಯಲ್ಲಿ ಕಿವಿ ಕೆಂಪಗಾಗಿಸಿಕೊಂಡು ಅವನು ಕುಳಿತ. ಹರುಕಿಗೆ ನಾಲ್ಕು ಹೊಲಿಗೆ ಸಾಕಿತ್ತು. ಅವಳು ಹಾಕುತ್ತಾ, ಬಿಚ್ಚುತ್ತಾ, ಜೇನು ಗೂಡಿಗೆ ಮರಳುವ ಸಂಜೆಯವರೆಗೂ ಹೊಲಿದಳು. ಕೊನೆಗೆ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುವಾಗ, ತಲೆಯೆತ್ತದೆ ಹೇಳಿದಳು:

"ಬರ್ತೀನಿ."